ಅಂಗಡಿಗೆ ಆ್ಯಪ್ ಮಾರಿದ ಮೇಲೆ ಇರುವ ಕೆಲಸ

ಮಾನ್ಯರೇ,

ಯುಪಿಐ ವಹಿವಾಟಿನ ಲೆಕ್ಕ ಹಿಡಿದು 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಕೊಟ್ಟ ನೋಟಿಸ್‌ಗಳು ರಾಜ್ಯದ ಸಣ್ಣ ವ್ಯಾಪಾರಿಗಳನ್ನು ಕಂಗೆಡಿಸಿದ್ದವು. ಇಂಥ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾರಲು ಹೊರಡುವ ಸ್ಟಾರ್ಟಪ್‌ಗಳಿಗೆ ನಮ್ಮ ಮಾತು ಇಷ್ಟೆ: ಮೊದಲ 100 ಅಂಗಡಿಗಳವರೆಗಾದರೂ ಮಾರಾಟ ಮತ್ತು ಗ್ರಾಹಕ ಸೇವೆ ಎರಡಕ್ಕೂ ಒಬ್ಬರೇ ಹೊಣೆಗಾರರಿರಲಿ.

ದುಡ್ಡು ಬಂದ ದಿನವೇ ಪೂರ್ತಿ ಕಮಿಷನ್ ಕೈಸೇರಿದರೆ ಮಾರುವವರು ಸಿಕ್ಕ ಅಂಗಡಿಗೆಲ್ಲ ಮಾರುತ್ತಾರೆ. ಔಷಧ ಅಂಗಡಿಗೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಬೇಕು. ಬಟ್ಟೆ ಅಂಗಡಿಗೆ ಸೈಜು, ಬಣ್ಣ. ಹಾರ್ಡ್‌ವೇರ್ ಅಂಗಡಿಯವರು ವೈರನ್ನು ಸುರುಳಿ ಲೆಕ್ಕದಲ್ಲಿ ಕೊಂಡು ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಮೂರನ್ನೂ ಸಂಭಾಳಿಸುವಷ್ಟು ಜನ ಹೊಸ ಕಂಪನಿಯಲ್ಲಿ ಇರುವುದಿಲ್ಲ. ಒಂದೇ ಬಗೆಯ ವ್ಯಾಪಾರ, ಒಂದೇ ಪೇಟೆ ಹಿಡಿದು 20 ಅಂಗಡಿ ಸರಿಯಾಗಿ ನಡೆಸಿ, ಆಮೇಲೆ ಮುಂದಕ್ಕೆ ಹೋಗಿ. ಕಮಿಷನ್ ಅರ್ಧ ಈಗ ಕೊಡಿ, ಉಳಿದರ್ಧ ಅಂಗಡಿಯಲ್ಲಿ 30 ದಿನ ಬಿಲ್ ಹಾಕಿದ ಮೇಲೆ.

ಎಲ್ಲ ಸರಕನ್ನೂ ಆ್ಯಪ್‌ಗೆ ಸೇರಿಸಿಯೇ ಶುರುಮಾಡೋಣ ಎಂದರೆ ವಾರ ಕಳೆಯುತ್ತದೆ, ಅಷ್ಟರಲ್ಲಿ ಅಂಗಡಿಯವರು ಹಳೇ ಬಿಲ್ ಪುಸ್ತಕಕ್ಕೆ ಮರಳಿರುತ್ತಾರೆ. ಹೆಚ್ಚು ಓಡುವ 200 ಸರಕಿನ ಎಚ್‌ಎಸ್‌ಎನ್ ಸಂಖ್ಯೆ (ಜಿಎಸ್‌ಟಿಗಾಗಿ ಸರಕಿನ ಬಗೆ ಗುರುತಿಸುವ ಸಂಖ್ಯೆ), ತೆರಿಗೆ ದರ, ಬೆಲೆ ಸೇರಿಸಿ, ಗಲ್ಲಾ ಪಕ್ಕ ಕೂತು ಬಂದ ಗಿರಾಕಿಗಳಿಗೆ 10 ಬಿಲ್ಲನ್ನು ಅಂಗಡಿಯವರ ಕೈಯಿಂದಲೇ ಹಾಕಿಸಬೇಕು. ಕನ್ನಡ ಬಿಲ್ ಕೊಡುತ್ತೇವೆಂದು ಒಪ್ಪುವ ಮುಂಚೆ ಅವರದೇ ಪ್ರಿಂಟರಿನಲ್ಲಿ ತೆಗೆದು ನೋಡಿ. ಅಗ್ಗದ 2 ಇಂಚಿನ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ, ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಬಿಲ್ಲನ್ನು ಚಿತ್ರವಾಗಿಸಿ ಕಳಿಸಿದರೆ ಕನ್ನಡ ಮೂಡುತ್ತದೆ, ಆದರೆ ನಿಧಾನ. ಸಂಜೆ ಗಿರಾಕಿಗಳು ಸಾಲುಗಟ್ಟಿದಾಗ ಆ ನಿಧಾನ ಯಾರಿಗೂ ತಡೆಯದು. ಅದನ್ನು ಮೊದಲೇ ಹೇಳುವುದು ನ್ಯಾಯ.

ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11ನೇ ತಾರೀಖು, ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಕಡೆಯ ದಿನ. ಅದರ ಹಿಂದಿನ ಎರಡು ದಿನ ಫೋನು ಬಿಡುವಿಲ್ಲದೆ ಬಡಿಯುತ್ತದೆ. ಆಗ ಹೊಸ ಮಾರಾಟ ನಿಲ್ಲಿಸಿ ಮಾರಾಟದವರನ್ನೂ ಫೋನಿಗೆ ಕೂರಿಸಿ; ಯಾರಿಗೆ ಏನು ಹೇಳಿ ಮಾರಿದ್ದೇವೆಂದು ಅವರಿಗೂ ತಿಳಿಯಲಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಂಥ ಸಂದರ್ಭಕ್ಕೆ, ಹೊಸ ದರವನ್ನು ಮುಂದಿನ ತಾರೀಖಿಗೆ ಮೊದಲೇ ತುಂಬಿಡುವ ಸೌಲಭ್ಯ ಬೇಕು. ಹಳೇ ಬಿಲ್ಲಿನ ಸರಕು ವಾಪಸ್ ಬಂದರೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿ ಕೊಡುವ ಚೀಟಿ) ಹಳೇ ದರದಲ್ಲೇ ಆಗಬೇಕು, ಎಡವಟ್ಟಾಗುವುದು ಇಲ್ಲೇ.

ಆ್ಯಪ್‌ನ ಚಂದಾ ನವೀಕರಣದ ತಿಂಗಳಲ್ಲಿ ಅಂಗಡಿಗೆ ಫೋನ್ ಮಾಡಿದರೆ ತಡವಾಯಿತೆಂದೇ ಲೆಕ್ಕ. ದಿನವೂ ಬಿಲ್ಲಿನ ಸಂಖ್ಯೆ ನೋಡುತ್ತಿರಬೇಕು. 40 ಬಿಲ್ ಹಾಕುತ್ತಿದ್ದ ಅಂಗಡಿ 5ಕ್ಕೆ ಇಳಿದರೆ ಮರುದಿನವೇ ಹೋಗಿ. ಪ್ರಿಂಟರ್ ಕೆಟ್ಟಿರಬಹುದು, ಇಲ್ಲವೇ ಬಿಲ್ ಹಾಕುತ್ತಿದ್ದ ಹುಡುಗ ಕೆಲಸ ಬಿಟ್ಟಿರಬಹುದು. ಹೊಸಬನಿಗೆ ಅರ್ಧ ಗಂಟೆ ಕೂತು ಹೇಳಿಕೊಟ್ಟು ಬನ್ನಿ.

– ಬಿಲ್ಲಿಂಗ್ ತಂತ್ರಾಂಶ ಕ್ಷೇತ್ರದ ಉದ್ಯೋಗಿಗಳು, ಬೆಂಗಳೂರು