ರಿಜಿಸ್ಟರ್ ತೆಗೆದು ನೋಡು, ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಸೇಂಟ್ ಜೋಸೆಫ್ಸ್ ಶಾಲೆಯ ಸ್ಮರಣ ಸಂಚಿಕೆಗೆ ಅಂತ ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲು ನಾನೊಬ್ಬನೇ, ಆಮೇಲೆ ದೊಡ್ಡಮ್ಮನಿಗೆ ಕೇಳಿಸುವ ಹಾಗೆ. ಬರವಣಿಗೆ ಚೆನ್ನಾಗಿದೆ, ತಪ್ಪಿಲ್ಲ. ಓದಿ ಮುಗಿಸಿದ ಮೇಲೆ ದೊಡ್ಡಮ್ಮ ಕೇಳಿದಳು, "ಅಲ್ರೀ, ಫ್ರಾನ್ಸಿನ ಸ್ವಾಮಿಗಳು ಇಷ್ಟು ದೂರ ಬಂದು ಇಲ್ಲೇ ಯಾಕೆ ಶಾಲೆ ತೆರೆದರು? ಯಾರ ಮಕ್ಕಳಿಗೆ?" ಅದಕ್ಕೆ ನಿನ್ನ ಲೇಖನದಲ್ಲಿ ಉತ್ತರ ಇಲ್ಲ, ಮಗಳೇ. 1858, 1882, 1937 ಅಂತ ಮೂರು ಇಸವಿ ಇದೆ, ಫಾದರ್‌ಗಳ ಹೆಸರು ಸಾಲಾಗಿ ಇದೆ. ಅಷ್ಟೇ.

ಶಾಲೆ ಹುಟ್ಟಿದ ಕಾಲದ ಬೆಂಗಳೂರನ್ನು ಸ್ವಲ್ಪ ಕಣ್ಣ ಮುಂದೆ ತಂದುಕೋ. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ತಂದು ಇಳಿಸಿದ ಮೇಲೆ ಐರಿಶ್ ಸಿಪಾಯಿಗಳು ಬಂದರು. ಅವರಲ್ಲಿ ಕ್ಯಾಥೊಲಿಕರು ಜಾಸ್ತಿ. ದಂಡಿನ ಬೆನ್ನಿಗೇ ತಮಿಳು ಸೀಮೆಯಿಂದ ಅಡುಗೆಯವರು, ದರ್ಜಿಗಳು, ಗಾರೆ ಕೆಲಸದವರು ಬಂದರು. ಅವರ ಮಕ್ಕಳಿಗೆ ಓದು ಬೇಕಿತ್ತು. ಸರ್ಕಾರಕ್ಕೂ ಇಂಗ್ಲಿಷ್ ಬಲ್ಲ ಗುಮಾಸ್ತರು ಬೇಕಿದ್ದರು. 1854ರಲ್ಲಿ ಖಾಸಗಿ ಶಾಲೆಗಳಿಗೂ ಸರ್ಕಾರದ ಸಹಾಯಧನ ಕೊಡಬಹುದು ಅಂತ ಈಸ್ಟ್ ಇಂಡಿಯಾ ಕಂಪನಿಯವರು ಒಪ್ಪಿದರು. ನಾಲ್ಕೇ ವರ್ಷಕ್ಕೆ ನಿಮ್ಮ ಸೇಂಟ್ ಜೋಸೆಫ್ಸ್ ಶುರುವಾಯಿತು. ಮುಂದೆ ಸೆಂಟ್ರಲ್ ಕಾಲೇಜ್ ಆದ ಸರ್ಕಾರಿ ಹೈಸ್ಕೂಲ್ ಶುರುವಾಗಿದ್ದೂ ಅದೇ 1858ರಲ್ಲಿ. ಊರಿಗೇ ಓದಿನ ಹಸಿವು ಹಿಡಿದಿತ್ತು. ಆ ಹಸಿವನ್ನು ಮೊದಲು ಬರಿ, ಫಾದರ್‌ಗಳು ಆಮೇಲೆ ಬರಲಿ.

ಹೆಣ್ಣುಮಕ್ಕಳನ್ನು ಮರೆಯಬೇಡ. ನೀನೂ ಟೀಚರ್ ಅಲ್ವಾ? ಗುಡ್ ಶೆಫರ್ಡ್ ಸಿಸ್ಟರ್‌ಗಳು ಬೆಂಗಳೂರಿಗೆ ಬಂದಿದ್ದು 1854ರಲ್ಲಿ. ಅವರ ಸೇಕ್ರೆಡ್ ಹಾರ್ಟ್ ಶಾಲೆ ನಿಮ್ಮ ಶಾಲೆಗಿಂತ ನಾಲ್ಕು ವರ್ಷ ದೊಡ್ಡದು.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ನೀನು ಪಾಠ ಮಾಡೋದು ಕನ್ನಡ. ನಿಮ್ಮ ಶಾಲೆ ತೆರೆದಾಗ ಮೈಸೂರು ಸೀಮೆಯ ಕ್ಯಾಥೊಲಿಕರಿಗೆ ಧರ್ಮಾಧ್ಯಕ್ಷರಾಗಿದ್ದವರು ಬಿಷಪ್ ಶಾರ್ಬೊನೋ. ಸಿಸ್ಟರ್‌ಗಳು ಬಂದಿದ್ದೂ ಅವರ ಕಾಲದಲ್ಲೇ. 1861ರಲ್ಲಿ ಅವರ ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಲ್ಲೇ ಅಚ್ಚಾಯಿತು. ಕಿಟೆಲ್ಲರ ನಿಘಂಟು ಬರೋದಕ್ಕೆ ಇನ್ನೂ 33 ವರ್ಷ ಇತ್ತು. ಕಾನ್ವೆಂಟ್ ಅಂದರೆ ಬರೀ ಇಂಗ್ಲಿಷ್ ಅಂತ ನಮ್ಮ ಜನ ಸುಮ್ನೆ ಹೇಳಿಬಿಡುತ್ತಾರೆ. ಆ ಮನುಷ್ಯ ಒಂದೊಂದೇ ಕನ್ನಡ ಪದ ಕೂಡಿಸಿದ್ದನ್ನು ನಿನ್ನ ಮಕ್ಕಳಿಗೆ ನೀನಲ್ಲದೆ ಯಾರು ಹೇಳಬೇಕು?

1904ರದ್ದು ನೀನು ಒಂದು ಸಾಲೂ ಬರೆದಿಲ್ಲ. ಆ ವರ್ಷ ಭಾರತೀಯ ಹುಡುಗರಿಗೆ ಬೇರೆ ಶಾಲೆ ಆಯಿತು. ಈಗ ವಿಠಲ್ ಮಲ್ಯ ರಸ್ತೆಯಲ್ಲಿರುವ ಇಂಡಿಯನ್ ಹೈಸ್ಕೂಲ್ ಅದೇ. ಮ್ಯೂಸಿಯಂ ರಸ್ತೆಯ ಹಳೇ ಶಾಲೆ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಉಳಿಯಿತು. ಅದು ಅಂದಿನ ಕಾಲದ ರೀತಿ, ನಿಜ. ಹಾಗಂತ ಮುಚ್ಚಿಡಬೇಡ. ಯಾರನ್ನೂ ಬೈಯದೆ, ನಡೆದದ್ದನ್ನು ನಡೆದ ಹಾಗೇ ಎರಡು ಸಾಲು ಬರಿ. ಹತ್ತನೇ ಕ್ಲಾಸಿನ ಹುಡುಗರಿಗೆ ಅರ್ಥವಾಗುತ್ತದೆ, ಅವರು ನಾವು ಅಂದುಕೊಂಡಷ್ಟು ಚಿಕ್ಕವರಲ್ಲ.

1937ನ್ನು ಇನ್ನಷ್ಟು ಬಿಡಿಸಿ ಬರಿ. 1773ರಲ್ಲಿ ಪೋಪರು ಯೇಸುಸಭೆಯನ್ನೇ, ಅಂದರೆ ಜೆಸ್ವಿಟ್ ಫಾದರ್‌ಗಳ ಸಂಘವನ್ನೇ, ರದ್ದು ಮಾಡಿದ್ದರು. ನಮ್ಮ ಕಡೆ ಅವರು ಬಿಟ್ಟುಹೋದ ಕೆಲಸಕ್ಕೆ ಹೆಗಲು ಕೊಟ್ಟವರು ಪ್ಯಾರಿಸ್ ಮಿಷನ್ನಿನವರು, ದೊಡ್ಡಮ್ಮ ಕೇಳಿದ ಫ್ರಾನ್ಸಿನ ಸ್ವಾಮಿಗಳು ಇವರೇ. ಶಾಲೆ ಕಟ್ಟಿದರು, 1882ರಲ್ಲಿ ಕಾಲೇಜೂ ಮಾಡಿದರು. 1937ರಲ್ಲಿ ಎಲ್ಲವನ್ನೂ, ಅಷ್ಟರಲ್ಲಿ ಮತ್ತೆ ಜೀವ ಪಡೆದಿದ್ದ ಯೇಸುಸಭೆಯವರ ಕೈಗೇ ಒಪ್ಪಿಸಿಬಿಟ್ಟರು. ಬೆವರು ಸುರಿಸಿ 79 ವರ್ಷ ಸಾಕಿದ್ದನ್ನು ಬಿಟ್ಟುಕೊಡೋದು ಸುಲಭವಾ? ನಿನ್ನ ಲೇಖನದಲ್ಲಿ ಅದು "ಆಡಳಿತ ಹಸ್ತಾಂತರವಾಯಿತು" ಅನ್ನುವ ಎರಡು ಪದದಲ್ಲಿ ಮುಗಿದುಹೋಗಿದೆ.

ಈಗ ನನ್ನ ಕಥೆ. ನಾನು 31 ವರ್ಷ ಇನ್ನೊಂದು ಕ್ಯಾಥೊಲಿಕ್ ಹೈಸ್ಕೂಲಿನ ಆಫೀಸಲ್ಲಿ ಗುಮಾಸ್ತನಾಗಿದ್ದೆ, ನಿನಗೆ ಗೊತ್ತು. ಅಲ್ಲಿ ಒಂದು ಹಳೇ ಅಡ್ಮಿಷನ್ ರಿಜಿಸ್ಟರ್ ಇತ್ತು. ದಪ್ಪ ರಟ್ಟು, ಬೆನ್ನಿಗೆ ಚರ್ಮ, ತೆಗೆದರೆ ಮೂಗಿಗೆ ಧೂಳು. ಹುಡುಗನ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು, ಕೊನೆಗೆ ಶಾಲೆ ಬಿಟ್ಟ ಕಾರಣ. ಕಸುಬಿನ ಕಾಲಂನಲ್ಲಿ ಬಟ್ಲರ್, ದರ್ಜಿ, ರೈಲ್ವೆ ಗಾರ್ಡ್. 1898ರ ಪುಟದಲ್ಲಿ ಬಿಟ್ಟ ಕಾರಣ ಅನ್ನುವ ಕಡೆ ಕೆಂಪು ಶಾಯಿಯಲ್ಲಿ "ಪ್ಲೇಗ್". ಅದರ ಕೆಳಗೆ ಮತ್ತೆ "ಪ್ಲೇಗ್". ಮುಂದೆ ಅದನ್ನು ಬರೆಯೋದಕ್ಕೂ ಬೇಸರವಾಗಿ ಬರೀ ಎರಡು ಚುಕ್ಕೆ. ಬೆಂಗಳೂರಿಗೆ ಪ್ಲೇಗ್ ಬಂದಿತ್ತು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಆ ಚುಕ್ಕೆಗಳನ್ನು ನೋಡಿದಾಗ ಕೈ ತಣ್ಣಗಾಯಿತು.

ಒಂದು ಬೇಸಿಗೆ ರಜೆಯಲ್ಲಿ ಆಫೀಸಿಗೆ ಸುಣ್ಣ ಬಳಿಸಿದರು. ಹಳೇ ಕಾಗದವನ್ನೆಲ್ಲ ಮೂಟೆ ಕಟ್ಟಿ ರದ್ದಿಗೆ ಹಾಕಲು ಹೇಳಿದರು. ಪಟ್ಟಿಗೆ ಸಹಿ ಹಾಕಿದವನು ನಾನೇ. ಮೂಟೆ ಬಿಚ್ಚಿ ನೋಡಲಿಲ್ಲ. ಜೂನ್‌ನಲ್ಲಿ ಒಬ್ಬರು ತಮ್ಮ ಅಜ್ಜನ ಹೆಸರು ಹುಡುಕಿಕೊಂಡು ಬಂದಾಗ ಬೀರು ತೆಗೆದೆ. ರಿಜಿಸ್ಟರ್ ಇರಲಿಲ್ಲ. ಅವರು ಏನೂ ಅನ್ನದೆ ಹೊರಟುಹೋದರು. ಇವತ್ತಿಗೂ ಅವರ ಮುಖ ನನ್ನ ಕಣ್ಣಲ್ಲಿದೆ.

ಅದಕ್ಕೇ ಹೇಳುತ್ತಿದ್ದೇನೆ. ಲೇಖನವನ್ನು ಪಕ್ಕಕ್ಕಿಡು. ನಾಳೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಹಳೇ ರಿಜಿಸ್ಟರ್‌ಗಳು ಎಲ್ಲಿವೆ ಅಂತ ಕೇಳು. ಸಿಕ್ಕಿದರೆ ಮನೆಗೆ ತರಬೇಡ, ಅಲ್ಲೇ ಕೂತು ನೋಡು. ಕೈ ತೊಳೆದು ಚೆನ್ನಾಗಿ ಒರೆಸಿಕೋ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡ, ಕಾಗದ ಹಾಳಾಗುತ್ತದೆ. ಕಿಟಕಿ ಬೆಳಕಿನಲ್ಲಿ ಪುಟಪುಟವೂ ಫೋನಿನಲ್ಲಿ ಫೋಟೋ ತೆಗೆದುಕೋ. ಹಳೇ ಅಟೆಂಡರ್ ಯಾರಾದರೂ ಇದ್ದರೆ ಕಾಫಿ ಕೊಡಿಸಿ ಮಾತಾಡಿಸು. ಯಾವ ಬೀರುವಿನ ಹಿಂದೆ ಏನಿದೆ ಅನ್ನೋದು ಅವರಿಗೇ ಗೊತ್ತಿರುತ್ತದೆ.

ಭಾನುವಾರ ಪೂಜೆ ಮುಗಿಸಿಕೊಂಡು ಇಲ್ಲಿಗೇ ಬಾ, ದೊಡ್ಡಮ್ಮ ಅಕ್ಕಿರೊಟ್ಟಿ ಮಾಡುತ್ತಾಳಂತೆ. ಅದಕ್ಕೂ ಮೊದಲೇ ಮೊದಲ ಪುಟದ ಮೊದಲ ಹುಡುಗನ ಹೆಸರು ಸಿಕ್ಕಿದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ, ಫೋನ್ ಮಾಡು. ಅವನ ತಂದೆಯ ಕಸುಬು ಏನು ಅಂತ ನನಗೆ ಕೇಳಬೇಕು.

ಇಂತಿ,
ನಿನ್ನ ದೊಡ್ಡಪ್ಪ