ಭಾನುವಾರ ಸಂಜೆ ಸಿನಿಮಾ ಇದೆ, ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಚರ್ಚ್ ಹಾಲ್‌ನಲ್ಲಿ 'ದ ಫೇಸ್ ಆಫ್ ದ ಫೇಸ್‌ಲೆಸ್' (2023) ನೋಡೋಣ. ಇದು ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ರಾಣಿ ಮರಿಯಾ ಅವರ ನಿಜ ಜೀವನದ ಕತೆ. ಮಧ್ಯಪ್ರದೇಶದಲ್ಲಿ ಬಡವರ ಪರ ನಿಂತ ಅವರನ್ನು 1995ರಲ್ಲಿ ಬಸ್ಸಿನಲ್ಲಿ ಹೋಗುವಾಗ ಇರಿದು ಕೊಂದರು. 2002ರಲ್ಲಿ ಅವರ ಸ್ವಂತ ತಂಗಿ ಜೈಲಿಗೆ ಹೋಗಿ, ಕೊಂದವನ ಕೈಗೆ ರಾಖಿ ಕಟ್ಟಿದರು. ಮುಂದೆ ಅವನ ಬಿಡುಗಡೆಗೂ ಆ ಮನೆಯವರೇ ನೆರವಾದರು. ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಇದನ್ನು ನೋಡಿದ ರಾತ್ರಿಯೇ ನಾನು ತಮ್ಮನಿಗೆ ಫೋನ್ ಮಾಡಿದೆ. ಜಾಗದ ಜಗಳಕ್ಕೆ ಆರು ವರ್ಷದಿಂದ ಮಾತು ಬಿಟ್ಟಿದ್ದೆವು. ಇಬ್ಬರಿಗೂ ಮಾತೇ ಹೊರಡಲಿಲ್ಲ, ಸುಮ್ನೆ ಅತ್ತೆವು.

ಕೊಲೆಯ ದೃಶ್ಯವಿದೆ, ಚಿಕ್ಕ ಮಕ್ಕಳು ಬೇಡ. ಮಾತು ಬಿಟ್ಟವರು ಯಾರಾದರೂ ಇದ್ದರೆ ಅವರನ್ನೂ ಕರೆತನ್ನಿ. ಆಮೇಲೆ ಚಹಾ ಇದೆ.