ಬ್ಯಾಟರಿಯ ಲೆಕ್ಕ ಪುಷ್ಯ ಮಳೆಯಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಒಂಟಿ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ, ಅವರನ್ನು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಮ್ಮ ಅತ್ತೆಯವರಿಗೆ ಉಬ್ಬಸ. ರಾತ್ರಿ ನೆಬ್ಯುಲೈಸರ್ ಬೇಕೇ ಬೇಕು. ಅದಕ್ಕಾಗಿಯೇ ಆರು ವರ್ಷದ ಹಿಂದೆ ಸೋಲಾರ್ ಹಾಕಿಸಿದೆವು. 330 ವ್ಯಾಟ್‌ನ ಎರಡು ಪ್ಯಾನೆಲ್, 150 ಎಎಚ್‌ನ (ಆಂಪಿಯರ್ ಅವರ್) ಎರಡು ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಸೀಸದ ಬ್ಯಾಟರಿ.

ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಸಂಜೆ ಏಳಕ್ಕೇ ಇನ್ವರ್ಟರ್ ಕೂಗತೊಡಗಿತು. ಅಂಗಡಿಯವರನ್ನು ಕೇಳಿದರೆ 'ಇನ್ನೆರಡು ಬ್ಯಾಟರಿ ಸೇರಿಸಿ' ಎಂದರು. ಸೇರಿಸಿದೆವು. ಮುಂದಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕೂ ಬ್ಯಾಟರಿ ಹಾಳಾದವು. ಒಂದು ಕೊಯ್ಲಿನ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಯಾಕೆ ಹೀಗಾಯಿತು ಎಂದು ಆಮೇಲೆ ನಾನೇ ಪೆನ್ನು ಹಿಡಿದು ಕೂತೆ.

9 ವ್ಯಾಟ್‌ನ ಆರು ದೀಪ ಐದು ಗಂಟೆ, ದಿನವಿಡೀ ವೈಫೈ ಡಬ್ಬಿ, ಎರಡು ಗಂಟೆ ಟಿವಿ, ಮೊಬೈಲು, ನೆಬ್ಯುಲೈಸರ್. ಎಲ್ಲ ಸೇರಿ ಮುಕ್ಕಾಲು ಯುನಿಟ್. ಇನ್ವರ್ಟರ್ ತಾನೇ ತಿನ್ನುವುದನ್ನೂ ಕೂಡಿದರೆ ದಿನಕ್ಕೆ ಒಂದು ಯುನಿಟ್ ಎನ್ನಿ. 12 ವೋಲ್ಟನ್ನು 150 ಎಎಚ್‌ನಿಂದ ಗುಣಿಸಿದರೆ 1,800 ವ್ಯಾಟ್ ಅವರ್, ಅಂದರೆ 1.8 ಯುನಿಟ್. ಎರಡು ಬ್ಯಾಟರಿಗೆ 3.6. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬಾಳಿಕೆ ಬರುವುದಿಲ್ಲ. ಹಾಗಾಗಿ ಕೈಗೆ ಸಿಗುವುದು 1.8 ಮಾತ್ರ, ಬಿಸಿಲೇ ಇಲ್ಲದಿದ್ದರೂ ಹತ್ತಿರ ಹತ್ತಿರ ಎರಡು ದಿನಕ್ಕೆ ಸಾಕು. ಅಂದರೆ ಬ್ಯಾಟರಿ ಮೊದಲೇ ಸರಿಯಿತ್ತು. ಕಡಿಮೆಯಾಗಿದ್ದು ಪ್ಯಾನೆಲ್. ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಯುನಿಟ್ ಕೊಡುತ್ತಿದ್ದ ಅದೇ ಪ್ಯಾನೆಲ್‌ಗಳು ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಅರ್ಧ ಯುನಿಟ್ ಕೊಟ್ಟರೆ ಹೆಚ್ಚು. ತುಂಬುವ ಭತ್ತ ಅಷ್ಟೇ ಇರುವಾಗ ಕಣಜ ದೊಡ್ಡದು ಮಾಡಿ ಏನು ಬಂತು? ನಾಲ್ಕು ಬ್ಯಾಟರಿಗಳೂ ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದವು. ಸೀಸದ ಬ್ಯಾಟರಿ ಹಾಗೆ ಅರ್ಧ ಚಾರ್ಜಿನಲ್ಲೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಹಳೆಯದರ ಜೊತೆ ಹೊಸದನ್ನು ಕಟ್ಟಿದ್ದು ಇನ್ನೊಂದು ತಪ್ಪು. ಹಳೆಯ ಸೋತ ಬ್ಯಾಟರಿ ಹೊಸದನ್ನೂ ಎಳೆದುಕೊಂಡು ಹೋಗುತ್ತದೆ.

ಈಗ ಬ್ಯಾಟರಿ ಎರಡೇ, ಪ್ಯಾನೆಲ್ ನಾಲ್ಕು. ಪ್ಯಾನೆಲ್‌ಗಳನ್ನು ತೋಟದ ನೆರಳು ಬೀಳದ ಕೊಟ್ಟಿಗೆ ಮಾಡಿನ ಮೇಲೆ ಕೂರಿಸಿದ್ದೇವೆ. ಬೇಸಿಗೆಯಲ್ಲಿ ಜಾಸ್ತಿ ಕರೆಂಟ್ ನುಗ್ಗಿ ಬ್ಯಾಟರಿ ಬಿಸಿಯಾಗಬಾರದು ಅಂತ ಚಾರ್ಜಿಂಗನ್ನು 15 ಆಂಪಿಯರ್‌ಗೆ ಮಿತಿ ಮಾಡಿಸಿದೆವು, 150ರ ಹತ್ತನೇ ಒಂದು ಪಾಲು. ಜೂನ್ ಬಂದ ಕೂಡಲೇ ಇನ್ವರ್ಟರ್ ಸೆಟ್ಟಿಂಗ್ ಬದಲಿಸುತ್ತೇನೆ. ಬರೀ ಸೋಲಾರ್ ಅಂತ ಇದ್ದದ್ದನ್ನು, ಲೈನಿನಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಅದರಿಂದಲೂ ಚಾರ್ಜ್ ಆಗುವ ಹಾಗೆ ಇಡುತ್ತೇನೆ. ಈ ಒಂದು ಗುಂಡಿಯ ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ಕಾಫಿಗೆ ನೀರಿಟ್ಟು ಬ್ಯಾಟರಿಯ ವೋಲ್ಟ್ ನೋಡುವುದು ನನಗೆ ಅಭ್ಯಾಸವಾಗಿದೆ. ದೀಪ, ಟಿವಿ ಯಾವುದೂ ಓಡದಿರುವಾಗ 12.7 ಇದ್ದರೆ ತುಂಬಿದೆ ಅಂತ. 12.2ಕ್ಕೆ ಇಳಿದಿದ್ದರೆ ಅರ್ಧ ಮುಗಿದಿದೆ, ಆ ದಿನ ಟಿವಿ ಇಲ್ಲ. ಮಕ್ಕಳೂ ಈಗ ಕೇಳುವುದಿಲ್ಲ, ಅಜ್ಜಿಯ ಮೆಷಿನ್‌ಗೆ ಉಳಿಯಬೇಕು ಅಂತ ಅವರಿಗೂ ಗೊತ್ತು. ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಹಾಕಬಾರದು, ಆಸಿಡ್ ಅಂತೂ ಬೇಡವೇ ಬೇಡ. ಟರ್ಮಿನಲ್‌ನಲ್ಲಿ ಬಿಳಿ ಹುಡಿ ಕಟ್ಟಿದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಹಚ್ಚುತ್ತೇನೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹಾಗಾಗಿ ಬ್ಯಾಟರಿ ಇರುವುದು ಗಾಳಿಯಾಡುವ ಜಗಲಿಯಲ್ಲಿ. ಹತ್ತಿರ ದೀಪ ಹಚ್ಚುವುದಿಲ್ಲ. ಲಿಥಿಯಂ ಬ್ಯಾಟರಿಗೆ ನೀರಿನ ಗೊಡವೆ ಇಲ್ಲ, ಹತ್ತರಲ್ಲಿ ಎಂಟು ಪಾಲು ಬಳಸಬಹುದು. ಆದರೆ ಒಂದೇ ಸಲಕ್ಕೆ ಅಷ್ಟು ದುಡ್ಡು ನಮ್ಮಿಂದ ಆಗಲಿಲ್ಲ.

ಈಗ ಊರಲ್ಲೆಲ್ಲ ಸೂರ್ಯಘರ್ ಯೋಜನೆಯದೇ ಮಾತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ, ಒಳ್ಳೆಯದೇ. ಆದರೆ ಬ್ಯಾಟರಿ ಇಲ್ಲದೆ ನೇರ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ, ಅದಕ್ಕೆ. ಇದು ಗೊತ್ತಿಲ್ಲದೆ ಹಾಕಿಸಿದವರು ನೆಂಟರಲ್ಲೇ ಇದ್ದಾರೆ. ಮಲೆನಾಡಿನ ಒಂಟಿ ಮನೆಗೆ ಬೇಕಾಗಿರುವುದು ಬ್ಯಾಟರಿ ಇರುವ ಹೈಬ್ರಿಡ್. ಆ ಬ್ಯಾಟರಿಗೆ ಬೇರೆ ಸಹಾಯಧನ ಇಲ್ಲ. ನಮ್ಮ ಸಾಗರ, ಹೊಸನಗರದ ಕಡೆಯವರು ನಾಡಿಗೆ ಕರೆಂಟ್ ಸಿಗಲಿ ಎಂದು ಶರಾವತಿ ನೀರಿಗೆ ಗದ್ದೆ, ಮನೆ ಬಿಟ್ಟುಕೊಟ್ಟವರು. ನಮ್ಮ ಗುಡ್ಡದ ಮನೆಗಳ ಬ್ಯಾಟರಿಗೂ ಸರ್ಕಾರ ಒಂದು ಪಾಲು ಕೊಡಬೇಕು. ಮಾರುವವರು ಜುಲೈ ತಿಂಗಳಲ್ಲಿ ದಿನಕ್ಕೆ ಎಷ್ಟು ಯುನಿಟ್ ಬರುತ್ತದೆ ಎಂಬುದನ್ನು ಕೊಟೇಶನ್‌ನಲ್ಲೇ ಬರೆದುಕೊಡುವಂತೆ ಮಾಡಬೇಕು.

ಆರಿದ್ರಾ ಮಳೆ ಹಿಡಿಯುವ ಮೊದಲು ಈ ಪತ್ರ ಪ್ರಕಟಿಸಿದರೆ, ಈ ವರ್ಷ ಸೋಲಾರ್ ಹಾಕಿಸಲು ಹೊರಟವರಿಗೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ